ಮೂರು ಕಾಯಿಲೆಯ ಅಳಿಯ, ಆರು ಕಂಪ್ಯೂಟರ್

ಪಾಳ್ಯದ ಮಾವನ ಮನೆಯಲ್ಲಿ ಪ್ರವೀಣನಿಗೆ ‘ಕಾಯಿಲೆ ಅಳಿಯ’ ಎಂಬ ಬಿರುದು ಪ್ರಾಪ್ತವಾಗಿತ್ತು. ಪಾಪ, ಅವನಿಗೆ ನೆಗಡಿಯೊಂದನ್ನು ಬಿಟ್ಟರೆ ಬೇರೆ ಯಾವ ಕಾಯಿಲೆಯ ಮುಖಪರಿಚಯವೂ ಇರಲಿಲ್ಲ. (ನೆಗಡಿಯಾದರೂ ಸಕಲೇಶಪುರದ ಸಾರ್ವಜನಿಕ ಆಸ್ತಿ. ಜೂನ್ ತಿಂಗಳಲ್ಲಿ ಅದು ಊರಿಗೆಲ್ಲ ಸಮನಾಗಿ ಹಂಚಿಕೆಯಾಗುತ್ತದೆ. ಒಬ್ಬನ ಹೆಸರಿಗೆ ಖಾತೆ ಮಾಡಿಸಲು ಬರುವುದಿಲ್ಲ.) ಕಲ್ಲು ತಿಂದು ಅರಗಿಸಿಕೊಳ್ಳುವ ವಯಸ್ಸು, ತಲೆ ದಿಂಬಿಗೆ ತಾಗಿದರೆ ಗೊರಕೆ. ಇಷ್ಟಿದ್ದರೂ ಅತ್ತೆ ಗಂಗಾಮಣಿ ಫೋನ್ ಮಾಡಿದಾಗಲೆಲ್ಲ ಮಗಳ ಯೋಗಕ್ಷೇಮ ವಿಚಾರಿಸುವ ಮೊದಲೇ, “ಅಳಿಯಂದ್ರು ಎದ್ದು ಓಡಾಡ್ತವ್ರೇನವ್ವ?” ಎಂದು ಕೇಳುತ್ತಿದ್ದರು.

ಈ ಅಪಕೀರ್ತಿಯನ್ನು ಅವನಿಗೆ ತಂದುಕೊಟ್ಟವಳು ಹೆಂಡತಿ ಸೌಜನ್ಯ. ಅವಳಿಂದ ಆ ಕೆಲಸ ಮಾಡಿಸಿದ್ದು ಒಂದು ಸಿ.ಡಿ.

ಪ್ರವೀಣ ಸಕಲೇಶಪುರದ ಪೇಟೆಯಲ್ಲಿ, ಇಸ್ಹಾಕ್ ಭಾಯಿಯ ಟೈರ್ ಅಂಗಡಿಯ ಮಹಡಿ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ. ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಕೆಳಗೆ ಲಾರಿ ಟೈರಿಗೆ ಗಾಳಿ ತುಂಬುವ ಸದ್ದು, ಮೇಲೆ ಕೀಬೋರ್ಡ್ ಕುಟ್ಟುವ ಸದ್ದು. ಎರಡೂ ಒಂದಕ್ಕೊಂದು ಹೊಂದಿಕೊಂಡು ಸಂಸಾರ ಮಾಡುತ್ತಿದ್ದವು. ಊರಿನವರೆಲ್ಲ ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ಸುಖವಾಗಿದ್ದ ಆ ಕಾಲದಲ್ಲಿ ಈತನೊಬ್ಬನಿಗೆ ಪ್ರಾಮಾಣಿಕನಾಗುವ ಚಟ ಹತ್ತಿತ್ತು. ಯಾರ ಕಂಪ್ಯೂಟರ್ ಕೈಗೆ ಬಂದರೂ ಅದಕ್ಕೆ ಆ ಸಿ.ಡಿ.ಯಿಂದ ಲಿನಕ್ಸ್ ಹಾಕುತ್ತಿದ್ದ. ಯುನಿಕ್ಸ್ ಎಂಬ ಘನವಂತ ಮನೆತನದ ಕವಲು ಅದು. ಕಾಸು ಕೇಳುವುದಿಲ್ಲ, ವೈರಸ್ ಹತ್ತಿರ ಸುಳಿಯುವುದಿಲ್ಲ. ಕೆಟ್ಟ ಗುಣ ಒಂದೇ: ಒಳಗೆ ಕಾಲಿಡುವ ಮೊದಲು ಪ್ರಶ್ನೆ ಕೇಳುತ್ತದೆ.

ಪ್ರಶ್ನೆ ಎಂದರೆ ಒಂದೆರಡಲ್ಲ. ಹೆಣ್ಣು ಕೇಳಲು ಬಂದ ಗಂಡಿನ ಕಡೆಯ ಹಿರಿಯರ ಹಾಗೆ ಕುಲಗೋತ್ರವನ್ನೆಲ್ಲ ಜಾಲಾಡುತ್ತದೆ. ಯಾವ ಭಾಷೆ? ಕೀಬೋರ್ಡ್ ಯಾವ ದೇಶದ್ದು? ಗಡಿಯಾರ ಯಾವ ಊರಿನದು? (ಸಕಲೇಶಪುರ ಅದಕ್ಕೆ ಗೊತ್ತಿಲ್ಲ, ಕಲ್ಕತ್ತ ಎನ್ನಬೇಕು.) ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೆ? ಯೋಚನೆ ಮಾಡಿ ಹೇಳು, ನಿಜವಾಗಿಯೂ ಒಪ್ಪಿಗೆಯೆ? ಕೇಳುವುದನ್ನೆಲ್ಲ ಒಟ್ಟಿಗೆ ಕೇಳಿ ಮುಗಿಸುವ ಸೌಜನ್ಯವೂ ಇಲ್ಲ. (ಹೆಂಡತಿಯ ಮಾತಲ್ಲ ಇದು, ಗುಣದ ಮಾತು.) ಒಂದು ಕೇಳಿ, ಕಾಲು ಗಂಟೆ ಗರಗರ ಎಂದು ತನ್ನ ಪಾಡಿಗೆ ತಿರುಗಿ, ಇವನು ಚಹಾಕ್ಕೆ ಕೆಳಗಿಳಿದದ್ದೇ ತಡ ಇನ್ನೊಂದು ಕೇಳಿ ಸುಮ್ಮನೆ ನಿಂತುಬಿಡುತ್ತದೆ. ಉತ್ತರ ಸಿಗುವವರೆಗೆ ಒಂದು ಹೆಜ್ಜೆ ಮುಂದಿಡುವುದಿಲ್ಲ.

ಪಾಠ ನಡೆಯುವ ದಿನಗಳಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ? ಹಾಗಾಗಿ ಭಾನುವಾರ, ರಜೆ, ಹಬ್ಬ ಎಲ್ಲವೂ ಆ ಸಿ.ಡಿ.ಗೆ ನೈವೇದ್ಯವಾಗುತ್ತಿದ್ದವು. ನೆಂಟರ ಮನೆಯ ಕಾರ್ಯಗಳು ಬರುವುದೂ ಆ ದಿನಗಳಲ್ಲೇ. ನಾದಿನಿ ಪೂಜಿತಾಳ ನಿಶ್ಚಿತಾರ್ಥಕ್ಕೆ ಪ್ರವೀಣ ಹೋಗಲಿಲ್ಲ. ಸೌಜನ್ಯ ಒಬ್ಬಳೇ ಹೋಗಿ, ಅಪ್ಪ ಬೋರಯ್ಯನವರಿಗೆ, ಗಂಡನಿಗೆ ಕಾಮಾಲೆ ಎಂದು ಹೇಳಿಬಂದಳು. ಚಿಕ್ಕಪ್ಪ ದ್ಯಾವಯ್ಯ ಆಲೂರಿನಲ್ಲಿ ಹೊಸ ಮನೆಯ ಗೃಹಪ್ರವೇಶ ಮಾಡಿದಾಗ ಸೊಂಟ ಹಿಡಿದಿದೆ ಎಂದಳು. ಪೂಜಿತಾಳ ಮದುವೆಗೆ ಮಾತ್ರ ಹೋದ. ಹೋದವನು ಧಾರೆಯ ಹೊತ್ತಿಗೆ ಅಕ್ಷತೆ ಹಾಕಿ, ಪಂಕ್ತಿಯಲ್ಲೂ ಕೂರದೆ, ಅರ್ಧಕ್ಕೆ ನಿಂತಿದ್ದ ಯಾವುದೋ ಕಂಪ್ಯೂಟರಿನ ಹತ್ತಿರ ಓಡಿಬಂದ. ಎಲೆ ಮುಂದೆ ಅಳಿಯ ಕಾಣದಿದ್ದಾಗ ದೊಡ್ಡಮ್ಮ ಚೆಲುವಮ್ಮ ಹುಡುಕಿದರು. ಸೌಜನ್ಯ ಹೊಟ್ಟೆಹುಣ್ಣು ದಯಪಾಲಿಸಿದಳು.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಆರು ಹಳೇ ಕಂಪ್ಯೂಟರ್ ಹೊತ್ತ ಜೀಪೊಂದು ಟೈರ್ ಅಂಗಡಿಯ ಮುಂದೆ ನಿಂತಿತು. ಯಾವುದೋ ಎಸ್ಟೇಟಿನವರು ಹೊಸದು ಕೊಂಡು, ಹಳೆಯವನ್ನು ಹೊಂಗಡಹಳ್ಳದ ಕಡೆಯ ಒಂದು ಶಾಲೆಗೆ ದಾನ ಮಾಡಿದ್ದರು. ಆರಕ್ಕೂ ಲಿನಕ್ಸ್ ಹಾಕಿ ಕೊಡಬೇಕು, ಸೋಮವಾರ ಬೆಳಿಗ್ಗೆ ಜೀಪ್ ಮತ್ತೆ ಬರುತ್ತದೆ, ಅದೇ ದಿನ ಶಾಲೆಯಲ್ಲಿ ಉದ್ಘಾಟನೆ. ಪ್ರವೀಣ ಹಿಂದುಮುಂದು ನೋಡದೆ ಒಪ್ಪಿಕೊಂಡ. ಭಾನುವಾರ ಒಂದು ದಿನ ಪೂರ್ತಿ ಕೂತರೆ ಮುಗಿಯುತ್ತದೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದುಕೊಂಡು ಮನೆಗೆ ಬಂದ.

ಆ ಭಾನುವಾರವೇ ಪಾಳ್ಯದಲ್ಲಿ ಪೂಜಿತಾಳ ಬೀಗರೂಟ.

ಸೌಜನ್ಯ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಗಂಡ ಭಾನುವಾರ ಎಂಬ ಶಬ್ದವನ್ನು ಮೆಲ್ಲಗೆ ಉಚ್ಚರಿಸಿದ್ದೇ ಜರಡಿ ನಿಂತಿತು.

“ಈ ಸಲ ಏನಂತ ಹೇಳ್ಲಿ ನಾನು? ಕಾಮಾಲೆ ಆಯ್ತು, ಸೊಂಟ ಆಯ್ತು, ಹೊಟ್ಟೆ ಆಯ್ತು. ಇನ್ನು ಉಳ್ದಿರೋದು ಒಂದೇ. ಅದನ್ನ ಹೇಳಿದ್ರೆ ಬೀಗರೂಟ ಬುಟ್ಟು ಅವರೇ ಎಲ್ಲಾರೂ ಇಲ್ಲಿಗೆ ಬರ್ತಾರೆ, ಹನ್ನೊಂದನೇ ದಿನದ ಊಟಕ್ಕೆ.”

“ಅಲ್ಲ ಸೌಜನ್ಯ, ಮೊದಲಿಂದ್ಲೂ ಒಂದೇ ಸಣ್ಣ ನೆಗಡೀನ ಹೇಳ್ಕಂಡು ಬಂದಿದ್ರೆ ಆಗ್ತಿರ್ಲಿಲ್ವಾ?”

“ನೆಗಡಿಗೆ ಯಾರಾದ್ರೂ ನಿಶ್ಚಿತಾರ್ಥ ತಪ್ಪಿಸ್ಕಂತಾರೇನ್ರೀ? ನಾನ್ ಹೇಳೋ ಕಾಯಿಲೆಗೂ ಒಂದು ಮರ್ಯಾದೆ ಇರ್ಬೇಕು.”

ಆಮೇಲೆ ಅವಳ ದನಿ ತಗ್ಗಿತು. ಜಗಳದ ದನಿಗಿಂತ ಆ ದನಿಗೆ ಪ್ರವೀಣ ಹೆಚ್ಚು ಹೆದರುತ್ತಿದ್ದ. ಪೂಜಿತಾಳ ಅತ್ತೆಮನೆಯವರು ಆಗಲೇ ಮಾತಾಡಿಕೊಳ್ಳುತ್ತಿದ್ದಾರಂತೆ. ಹಿರಿಯಳಿಯ ಹೆಂಡತಿಯ ತವರಿಗೆ ಕಾಲಿಡುವುದಿಲ್ಲವಂತೆ, ಏನೋ ಮುನಿಸು ಇದೆಯಂತೆ, ಹಿರಿಯವನನ್ನೇ ಹೀಗೆ ದೂರ ಮಾಡಿಕೊಂಡ ಮನೆ ಕಿರಿಯವನನ್ನು ಹೇಗೆ ನೋಡಿಕೊಂಡೀತು ಎಂದು ಪೂಜಿತಾಳ ಅತ್ತೆ ಅವಳ ಮುಖಕ್ಕೇ ಕೇಳಿದರಂತೆ. ಪೂಜಿತಾ ಫೋನಿನಲ್ಲಿ ಅತ್ತಳಂತೆ.

“ಎಲೆ ಹಾಕೋ ಹೊತ್ಗೆ ನೀವು ಅಪ್ಪನ ಪಕ್ಕ ಕೂತಿರ್ಬೇಕು. ಬೀಗರು ಎದುರಿಗೆ ಕೂತು ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ನಾನೂ ಅಲ್ಲೇ ಇದ್ಬುಡ್ತೀನಿ. ನೀವು ಆ ಪೆಟ್ಟಿಗೆಗಳ ಜೊತೇಲೇ ಸಂಸಾರ ಮಾಡ್ಕಳಿ.”

ಒಂದು ಕಡೆ ಆರು ಕಂಪ್ಯೂಟರ್, ಇನ್ನೊಂದು ಕಡೆ ಅರ್ಧಾಂಗಿ. ಪ್ರವೀಣನಿಗೆ ಆ ರಾತ್ರಿ ತಲೆ ದಿಂಬಿಗೆ ತಾಗಿದರೂ ಗೊರಕೆ ಬರಲಿಲ್ಲ. (ಮೂರು ಊಟಗಳು ಕೈತಪ್ಪಿ, ಈಗ ಬಾಡೂಟವೂ ತಪ್ಪೀತೆಂಬ ಸಂಕಟವೂ ಅದರಲ್ಲಿ ಸೇರಿತ್ತು. ಮಾವನ ಮನೆಯ ಕೈಮ ಉಂಡೆಯ ಕೀರ್ತಿ ಬಾಳ್ಳುಪೇಟೆಯವರೆಗೂ ಹಬ್ಬಿತ್ತು.) ಬೆಳಗಾಗುವ ಹೊತ್ತಿಗೆ ಅವನಿಗೆ ಜ್ಞಾನೋದಯವಾಯಿತು. ಸಿ.ಡಿ. ಕೇಳುವ ಪ್ರಶ್ನೆಗಳು ಪ್ರತಿ ಸಲವೂ ಅವೇ. ತಾನು ಹೇಳುವ ಉತ್ತರಗಳೂ ಅವೇ. ಹಾಗಿದ್ದ ಮೇಲೆ ಉತ್ತರ ಹೇಳಲು ತಾನೇ ಯಾಕೆ ಕೂರಬೇಕು? ಉತ್ತರಗಳನ್ನೆಲ್ಲ ಬರೆದಿಟ್ಟು, ಹೇಳುವ ಕೆಲಸವನ್ನು ಇನ್ನೊಂದು ಕಂಪ್ಯೂಟರಿಗೆ ವಹಿಸಿದರೆ ತಾನು ಪಾಳ್ಯದಲ್ಲಿ ಎಲೆ ಮುಂದೆ ವಿರಾಜಮಾನನಾಗಬಹುದು.

ಗುರುವಾರ ಆರು ಕಂಪ್ಯೂಟರುಗಳ ಹಿಂಬದಿಯಿಂದಲೂ ಒಂದೊಂದು ತಂತಿ ಎಳೆದು ತನ್ನ ಹಳೇ ಕಂಪ್ಯೂಟರಿಗೆ ಸೇರಿಸಿದ. ಪ್ರಶ್ನೆ ಆ ತಂತಿಯಲ್ಲಿ ಬರುತ್ತದೆ, ಉತ್ತರ ಅದೇ ತಂತಿಯಲ್ಲಿ ಹೋಗುತ್ತದೆ. ಉತ್ತರಗಳನ್ನು ಒಂದರ ಕೆಳಗೊಂದು ಬರೆದು, ಗದ್ದೆಗೆ ನೀರು ಬಿಟ್ಟ ಹಾಗೆ ಬಿಟ್ಟ. ಮೊದಲನೆಯದರಲ್ಲಿ ನೀರು ಸರಿಯಾಗಿ ಹರಿಯಿತು. ಎರಡನೆಯದರ ಹೊಟ್ಟೆಯಲ್ಲಿ ಹಾಡು ಕೇಳಿಸುವ ಕಾರ್ಡೊಂದು ಇತ್ತು. ಅದನ್ನು ಕಂಡ ಸಿ.ಡಿ., ಇದನ್ನೂ ಬಳಸಲೇ ಎಂದು ಒಂದು ಹೆಚ್ಚಿನ ಪ್ರಶ್ನೆ ಕೇಳಿತು. ಅಲ್ಲಿಂದ ಶುರುವಾಯಿತು ರಾಮಾಯಣ. ಕಾರ್ಡ್ ಬಳಸಲೇ ಎಂದರೆ ‘ಕಲ್ಕತ್ತ’ ಎಂಬ ಉತ್ತರ ಹೋಯಿತು. ಗಡಿಯಾರ ಯಾವ ಊರಿನದು ಎಂದರೆ ‘ಹೌದು’. ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಲೇ ಎಂದರೆ ‘ಶಾಲೆ’. ಈ ಯಂತ್ರದ ಹೆಸರೇನು ಎಂದಾಗ, ಗುಟ್ಟಾಗಿ ಇಡಬೇಕಾದ ಪಾಸ್‌ವರ್ಡನ್ನೇ ಒದರಿಬಿಟ್ಟಿತು. ಒಂದು ಪ್ರಶ್ನೆ ಹೆಚ್ಚಾದದ್ದಕ್ಕೆ ಎಲ್ಲ ಉತ್ತರಗಳೂ ಒಂದೊಂದು ಮನೆ ಜರುಗಿ ಕೂತಿದ್ದವು.

ಮಧ್ಯಾಹ್ನ ಬುತ್ತಿ ತಂದ ಸೌಜನ್ಯಳ ಮುಂದೆ ತನ್ನ ದುಃಖವನ್ನೆಲ್ಲ ತೋಡಿಕೊಂಡ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಕೇಳಿದ್ದನ್ನ ಕಿವಿಗೆ ಹಾಕ್ಕಳ್ದೆ ಉತ್ರ ಹೇಳೋದು ನಿಮ್ ಹುಟ್ಟುಗುಣ ಕಣ್ರೀ. ಅದಕ್ಕೂ ಅದನ್ನೇ ಕಲಿಸಿದೀರ, ಅಷ್ಟೆ.”

ಚುಚ್ಚುಮಾತೇ ಆದರೂ ಚುಚ್ಚಬೇಕಾದ ಜಾಗಕ್ಕೆ ಚುಚ್ಚಿತು. ಉತ್ತರಗಳನ್ನು ಸುಮ್ಮನೆ ಸುರಿಯಬಾರದು. ಇಂಥ ಪ್ರಶ್ನೆ ಬರುವವರೆಗೆ ಕಾದು ಕೂರು, ಅದು ಬಂದ ಮೇಲೆ ಇದನ್ನು ಹೇಳು, ಬೇರೆ ಬಂದರೆ ಬೇರೆ ಹೇಳು ಎಂದು ಬರೆಯಬೇಕು. ಹಾಗೆ ಬರೆಯುವುದಕ್ಕೆಂದೇ ಒಂದು ಸಲಕರಣೆ ಇರುವುದು ಅವನ ಪುಸ್ತಕವೊಂದರಲ್ಲಿ ಸಿಕ್ಕಿತು. ಪ್ರವೀಣ ಶುಕ್ರವಾರ ಪಾಠದ ಬಿಡುವಿನಲ್ಲೆಲ್ಲ ಪ್ರಶ್ನೆಗೊಂದು ಉತ್ತರ ಜೋಡಿಸುತ್ತ ಕೂತ. ಕೇಳಬಹುದಾದದ್ದು, ಕೇಳದೇ ಇರಬಹುದಾದದ್ದು, ಕೇಳಿದರೂ ಕೇಳೀತು ಎಂಬಂಥದ್ದು ಎಲ್ಲಕ್ಕೂ ಉತ್ತರ ಸಿದ್ಧ ಮಾಡಿದ. ಇಷ್ಟು ತಾಳ್ಮೆಯಿಂದ ಅವನು ಮನುಷ್ಯರ ಪ್ರಶ್ನೆಗಳನ್ನು ಎಂದೂ ಆಲಿಸಿದವನಲ್ಲ.

ಶನಿವಾರ ಸಂಜೆ ಒಂದು ಕಂಪ್ಯೂಟರಿನ ಮೇಲೆ ಪರೀಕ್ಷೆ ನಡೆಯಿತು. ಪರದೆಯ ಮೇಲೆ ಪ್ರಶ್ನೆ ಮೂಡುತ್ತಿತ್ತು, ಒಂದು ಗಳಿಗೆಯ ನಂತರ ಉತ್ತರ ತಾನೇತಾನಾಗಿ ಬಂದು ಕೂರುತ್ತಿತ್ತು. ಪ್ರವೀಣ ಎರಡೂ ಕೈ ಕಟ್ಟಿಕೊಂಡು ದೂರ ನಿಂತಿದ್ದ. ಅಂಗಡಿ ಬಾಗಿಲು ಹಾಕಲು ಹೊರಟಿದ್ದ ಇಸ್ಹಾಕ್ ಭಾಯಿ ಮೇಲೆ ಬಂದು ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ಸರಿದು ಗೋಡೆಗೆ ಒರಗಿದ.

“ಅದೇ ಕೇಳ್ಕಂತೈತೆ, ಅದೇ ಹೇಳ್ಕಂತೈತೆ. ಏನ್ ಮಾರಾಯ, ಇದಕ್ಕೆ ಗಾಳಿ ಗೀಳಿ ಹಿಡಿದೈತಾ?”

ಪ್ರವೀಣ ಇದೆಲ್ಲ ತನ್ನದೇ ಕೈಚಳಕ ಎಂದು ವಿವರಿಸಿ, ಸಮಸ್ಯೆಯನ್ನೂ ಹೇಳಿದ. ನಾಳೆ ಆರನ್ನೂ ಒಟ್ಟಿಗೆ ಶುರುಮಾಡಿ ಪಾಳ್ಯಕ್ಕೆ ಹೋಗಬೇಕು. ಕರೆಂಟ್ ಹೋದರೆ ಕೆಲಸ ಕೆಟ್ಟಿತು. ಇಸ್ಹಾಕ್ ಭಾಯಿ, ಅಂಗಡಿಯ ಜನರೇಟರ್ ಇರುವುದು ಯಾತಕ್ಕೆ, ತಾನು ಭಾನುವಾರ ಅಂಗಡಿಯಲ್ಲೇ ಇರುತ್ತೇನೆ, ನೀನು ಹೆಂಡತಿಯನ್ನು ಕರೆದುಕೊಂಡು ನೆಮ್ಮದಿಯಾಗಿ ಹೋಗಿ ಉಂಡು ಬಾ ಎಂದು ಅಭಯ ಕೊಟ್ಟ. ಪಾಳ್ಯದ ಮನೆಯ ಫೋನ್ ನಂಬರನ್ನೂ ಪಡೆದುಕೊಂಡ.

ಭಾನುವಾರ ಬೆಳಿಗ್ಗೆ ಆರೂ ಕಂಪ್ಯೂಟರುಗಳು ಸಿ.ಡಿ.ಯ ಒಂದೊಂದು ಪ್ರತಿಯನ್ನು ಹೊಟ್ಟೆಗೆ ಹಾಕಿಕೊಂಡು ಗರಗರ ಎನ್ನತೊಡಗಿದ ಮೇಲೆ ಗಂಡಹೆಂಡತಿ ಸ್ಕೂಟರ್ ಹತ್ತಿದರು. ಸೌಜನ್ಯ ಹೊಸ ಸೀರೆ ಉಟ್ಟಿದ್ದಳು. ಪ್ರವೀಣನ ದೇಹ ಸ್ಕೂಟರ್ ಓಡಿಸುತ್ತಿತ್ತು, ಜೀವ ಟೈರ್ ಅಂಗಡಿಯ ಮಹಡಿಯ ಮೇಲಿತ್ತು. ತಾನು ಬರೆಯದೇ ಬಿಟ್ಟ ಪ್ರಶ್ನೆಯೊಂದನ್ನು ಆ ಸಿ.ಡಿ. ಕೇಳಿಬಿಟ್ಟರೆ? ಉತ್ತರ ಸಿಗದೆ ಆರೂ ನಿಂತುಬಿಡುತ್ತವೆ. ನಾಳೆ ಜೀಪ್ ಬರುತ್ತದೆ. ಉದ್ಘಾಟನೆಗೆ ಬಂದವರು ಖಾಲಿ ಪರದೆಗೆ ಹೂವಿನ ಹಾರ ಹಾಕಬೇಕಾಗುತ್ತದೆ.

ಹಿಂದಿನ ಸೀಟಿನಿಂದ ಸೌಜನ್ಯ ಗಾಳಿಯ ವಿರುದ್ಧ ಕೂಗಿ ಪಾಠ ಹೇಳಿಕೊಡುತ್ತಿದ್ದಳು. ಅವಳು ಹಂಚಿದ ಕಾಯಿಲೆಗಳ ಸಮಾಚಾರ ಅವನಿಗೂ ತಿಳಿದಿರಬೇಕಲ್ಲ. ಜಗಲಿ ಮೇಲೆ ಅಪ್ಪ ಇರುತ್ತಾರೆ, ಅವರು ಕಾಮಾಲೆ ಕೇಳುತ್ತಾರೆ. ಕಣ್ಣಿನ ಹಳದಿ ಪೂರ್ತಿ ಹೋಗಿದೆ ಎನ್ನಬೇಕು. ಆಮೇಲೆ ಚಿಕ್ಕಪ್ಪ, ಅವರಿಗೆ ಸೊಂಟ; ಬಗ್ಗಿ ಎದ್ದರೆ ಮಾತ್ರ ಹಿಡಿದುಕೊಳ್ಳುತ್ತದೆ ಎನ್ನಬೇಕು. ಒಳಗೆ ಹೋದರೆ ದೊಡ್ಡಮ್ಮ, ಅವರಿಗೆ ಹೊಟ್ಟೆ. ಖಾರ ಬಿಟ್ಟಿದ್ದೇನೆ, ಮಜ್ಜಿಗೆ ಕುಡಿಯುತ್ತಿದ್ದೇನೆ ಎನ್ನಬೇಕು. ಬಾಳ್ಳುಪೇಟೆ ದಾಟುವಷ್ಟರಲ್ಲಿ ಪ್ರವೀಣ ಮೂರನ್ನೂ ಬಾಯಿಪಾಠ ಮಾಡಿದ. ಹಳದಿ, ಬಗ್ಗಿದರೆ, ಮಜ್ಜಿಗೆ. ಹಳದಿ, ಬಗ್ಗಿದರೆ, ಮಜ್ಜಿಗೆ. ಆಮೇಲೆ ಮತ್ತೆ ಸಿ.ಡಿ.ಯ ಚಿಂತೆಗೆ ಮರಳಿದ.

ವಿಧಿಯ ಆಟ ನೋಡಿ, ಜಗಲಿಯ ಮೇಲೆ ಮೊದಲು ಸಿಕ್ಕಿದ್ದು ಮಾವನಲ್ಲ. ದೊಡ್ಡಮ್ಮ ಚೆಲುವಮ್ಮ ಕೈಕಾಲಿಗೆ ನೀರು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅಳಿಯನನ್ನು ಕಂಡು ಅವರ ಕಣ್ಣು ಒದ್ದೆಯಾಯಿತು.

“ಬಂದ್ರಾ ನಮ್ಮಪ್ಪ. ಹೊಟ್ಟೆ ಹೆಂಗೈತೆ ಈಗ?”

“ಹಳದಿ ಪೂರ್ತಿ ಹೋಗೈತೆ ದೊಡ್ಡತ್ತೆ,” ಎಂದ ಪ್ರವೀಣ. ಮನಸ್ಸು ಆಗ ಸರಿಯಾಗಿ ಮೂರನೇ ಕಂಪ್ಯೂಟರಿನ ಬಳಿ ಇತ್ತು.

ಚೆಲುವಮ್ಮ ಚೊಂಬು ಹಿಡಿದುಕೊಂಡೇ ನಿಂತರು. ಅಷ್ಟರಲ್ಲಿ ಮಾವ ಬೋರಯ್ಯನವರು ಬಂದು ಭುಜ ಹಿಡಿದು, ಕಣ್ಣನ್ನೇ ದಿಟ್ಟಿಸಿ, ಕಾಮಾಲೆ ಪೂರ್ತಿ ಇಳಿಯಿತೇ ಎಂದು ವಿಚಾರಿಸಿದರು. ಬಗ್ಗಿ ಎದ್ದರೆ ಮಾತ್ರ ಹಿಡಿದುಕೊಳ್ಳುತ್ತದೆ ಎಂದು ಅಳಿಯ ವಿನಯದಿಂದ ಉತ್ತರಿಸಿದ. ಕೊನೆಗೆ ಬಂದ ಚಿಕ್ಕಪ್ಪ ದ್ಯಾವಯ್ಯ, ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡೆಯಾ ಎಂದು ಕೇಳಿದಾಗ, ಎಣ್ಣೆ, ಖಾರ ಎಲ್ಲ ಬಿಟ್ಟು ಬರೀ ಮಜ್ಜಿಗೆಯಲ್ಲೇ ಇದ್ದೇನೆ ಎಂಬ ಉತ್ತರ ಹೋಯಿತು. ಹಿಂದೆ ನಿಂತಿದ್ದ ಸೌಜನ್ಯ ಸೆರಗಿನ ಮರೆಯಲ್ಲಿ ಚಿವುಟಿದಳು. ಚಿವುಟಿದ್ದು ತಡವಾಗಿತ್ತು. ಗುರುವಾರದ ಕಂಪ್ಯೂಟರಿನ ಹಾಗೆ ಎಲ್ಲ ಉತ್ತರಗಳೂ ಒಂದೊಂದು ಮನೆ ಜರುಗಿಯಾಗಿತ್ತು.

ಅಡುಗೆಮನೆಯಲ್ಲಿ ತುರ್ತು ಸಭೆ ಸೇರಿತು. ಹೊಟ್ಟೆ ಕೇಳಿದರೆ ಕಣ್ಣು ಎನ್ನುತ್ತಾರೆ, ಕಣ್ಣು ಕೇಳಿದರೆ ಸೊಂಟ ಎನ್ನುತ್ತಾರೆ, ಸೊಂಟ ಕೇಳಿದರೆ ಹೊಟ್ಟೆಗೆ ಬರುತ್ತಾರೆ. ಕಾಯಿಲೆ ಮೈಯೆಲ್ಲ ಸುತ್ತಿ ಈಗ ತಲೆಗೂ ಹತ್ತಿರಬೇಕು ಎಂದು ಚೆಲುವಮ್ಮ ತೀರ್ಪು ಕೊಟ್ಟರು. ಇಂಥ ಸ್ಥಿತಿಯಲ್ಲೂ ಎದ್ದು ಬಂದಿದ್ದಾರಲ್ಲ ಎಂದು ಅತ್ತೆ ಗಂಗಾಮಣಿ ಕಣ್ಣೊರೆಸಿಕೊಂಡು, ಒಲೆಯ ಮೂಲೆಯಲ್ಲಿ ಒಂದು ಸಣ್ಣ ಪಾತ್ರೆ ಇಟ್ಟರು.

ಚಪ್ಪರದ ಕೆಳಗೆ ಪಂಕ್ತಿ ಕೂತಿತು. ಮಾವನ ಪಕ್ಕದಲ್ಲಿ ಪ್ರವೀಣ, ಎದುರು ಸಾಲಿನಲ್ಲಿ ಬೀಗರು. ಸೌಜನ್ಯ ಬಯಸಿದ್ದ ದೃಶ್ಯ ಯಥಾವತ್ತಾಗಿ ನೆರವೇರಿತ್ತು. ಬಿಸಿ ಮುದ್ದೆ ಬಂತು, ಕೈಮ ಉಂಡೆಯ ಸಾರು ಬಂತು, ಬೋಟಿ ಗೊಜ್ಜು ಬಂತು. ಬಕೆಟ್ ಹಿಡಿದವನು ಮಾವನ ಎಲೆಗೆ ಬಡಿಸಿ, ಪ್ರವೀಣನ ಎಲೆಯನ್ನು ದಾಟಿ, ಆಚೆಯವನ ಎಲೆಗೆ ಬಡಿಸಿದ. ಇನ್ನೊಬ್ಬ ಬಂದ, ಅವನೂ ದಾಟಿದ. ಸಾರಿನ ಘಮ ಮಾತ್ರ ಯಾರನ್ನೂ ದಾಟದೆ ಪ್ರವೀಣನ ಮೂಗಿಗೆ ನೇರವಾಗಿ ಬಡಿಯಿತು. ಆಮೇಲೆ ಸ್ವತಃ ಗಂಗಾಮಣಿಯವರೇ ಬಂದು ಅವನ ಎಲೆಗೆ ಎರಡು ಸೌಟು ಅಕ್ಕಿಗಂಜಿ, ಉಪ್ಪಿಲ್ಲದ ಬೇಳೆಕಟ್ಟು ಬಡಿಸಿ, ನಿಧಾನವಾಗಿ ಉಣ್ಣಿ ಎಂದರು.

ಅವನು ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ. ಗಂಜಿ ಎಲೆಯ ಮೇಲೆ ನಾಲ್ಕು ಕಡೆಗೂ ಹರಿಯಿತು. ಅದಕ್ಕೆ ಕಟ್ಟೆ ಕಟ್ಟಲು ಅನ್ನವೂ ಇರಲಿಲ್ಲ. ಬೀಗರ ಸಾಲಿನಲ್ಲಿ ಪೂಜಿತಾಳ ಅತ್ತೆ ತಲೆ ಓರೆ ಮಾಡಿ ನೋಡುತ್ತಿದ್ದರು. ಹಿರಿಯಳಿಯನಿಗೆ ಮಾತ್ರ ಗಂಜಿ ಹಾಕುವ ಮನೆ ಎಂಥದ್ದು ಎಂಬ ಪ್ರಶ್ನೆ ಅವರ ಹುಬ್ಬಿನ ಮೇಲೆ ಕೂತಿತ್ತು. ಮಜ್ಜಿಗೆ ಬಡಿಸುತ್ತಿದ್ದ ಸೌಜನ್ಯಳ ಮುಖ ಸಣ್ಣಗಾಯಿತು. ಕರೆದುಕೊಂಡು ಬಂದದ್ದಕ್ಕಿಂತ ಬಿಟ್ಟುಬಂದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನ್ನಿಸುತ್ತಿರುವುದು ಪ್ರವೀಣನಿಗೆ ಕಾಣುತ್ತಿತ್ತು.

ಆಗ ಒಳಗಿನಿಂದ ಪೂಜಿತಾ ಬಂದು ಭಾವನಿಗೆ ಸಕಲೇಶಪುರದಿಂದ ಫೋನ್ ಎಂದಳು. ಪ್ರವೀಣ ಎದ್ದು ಹೋದ.

“ಪ್ರವೀಣ, ಇವು ಆರೂ ನಿಂತ್ಬುಟ್ಟವೆ ಕಣೋ,” ಎಂದ ಇಸ್ಹಾಕ್ ಭಾಯಿ. “ಗರಗರ ಅನ್ನೋದೂ ಇಲ್ಲ. ಎಲ್ಲಾ ಒಂದೇ ಥರ ಏನೋ ಇಂಗ್ಲಿಷ್‌ನಾಗೆ ಬರ್ದು ಕಣ್ ಮಿಟುಕಿಸ್ತಾ ಕೂತವೆ.”

ಪ್ರವೀಣ ಗೋಡೆ ಹಿಡಿದುಕೊಂಡು, ಅಕ್ಷರ ಒಂದೊಂದಾಗಿ ಓದಿ ಎಂದ. ಇಸ್ಹಾಕ್ ಭಾಯಿ ನಿಧಾನವಾಗಿ ಓದಿದ. ಲಾಗಿನ್ ಎಂದಿತ್ತು. ಆರರಲ್ಲೂ ಲಾಗಿನ್ ಎಂದಿತ್ತು. ಎಂದರೆ ಕೇಳಬೇಕಾದದ್ದನ್ನೆಲ್ಲ ಕೇಳಿ, ಹೇಳಬೇಕಾದದ್ದನ್ನೆಲ್ಲ ಹೇಳಿಸಿಕೊಂಡು, ಮನೆ ಕಟ್ಟಿ ಮುಗಿಸಿ, ಇನ್ನು ಒಳಗೆ ಬರುವವರು ಯಾರು ಎಂದು ಬಾಗಿಲಲ್ಲಿ ಕಾಯುತ್ತಿವೆ. ಅದಕ್ಕೆ ಉತ್ತರ ನಾಳೆ ಶಾಲೆಯ ಮಕ್ಕಳು ಹೇಳುತ್ತಾರೆ. ನಾಲ್ಕು ದಿನದಿಂದ ಪ್ರವೀಣನ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋಯಿತು. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರೇ ಬಂತು. ಕೆಲಸ ಮುಗಿದಿದೆ ಎಂದು ಹೇಳಿ ಭಾಯಿಗೆ ಕೈಮುಗಿದ. (ಫೋನಿನಲ್ಲಿ ಕೈಮುಗಿದರೆ ಕಾಣುವುದಿಲ್ಲ ಎಂಬುದೂ ಹೊಳೆಯಲಿಲ್ಲ.)

ಹಗುರಾದ ಮನುಷ್ಯನಿಗೆ ಧೈರ್ಯ ಹೆಚ್ಚು. ಹಿಂತಿರುಗಿ ಬಂದು ಎಲೆಯ ಮುಂದೆ ಕೂತ ಪ್ರವೀಣ, ಗಂಜಿಯನ್ನು ನೋಡಿದ, ಮಾವನ ಎಲೆಯ ಕೈಮ ಉಂಡೆಯನ್ನು ನೋಡಿದ, ಇನ್ನು ಸತ್ಯವನ್ನೇ ಹೇಳಿಬಿಡುವುದೆಂದು ತೀರ್ಮಾನಿಸಿದ. ಗಂಟಲು ಸರಿಮಾಡಿಕೊಂಡ. ಇಡೀ ಪಂಕ್ತಿ ತಲೆಯೆತ್ತಿತು.

“ಅತ್ತೆ, ನಂಗೆ ಯಾವ ಕಾಯಿಲೆನೂ...”

ಅಷ್ಟರಲ್ಲಿ ಅವನ ಕಣ್ಣು ಸೌಜನ್ಯಳ ಮೇಲೆ ಬಿತ್ತು. ಮಜ್ಜಿಗೆ ಚೊಂಬು ಹಿಡಿದು ಕಂಬದಂತೆ ನಿಂತಿದ್ದಳು. ಇನ್ನೊಂದು ಮಾತು ಹೊರಬಿದ್ದರೆ ಇಷ್ಟು ಜನರ ಮುಂದೆ, ಬೀಗರ ಎದುರಿಗೆ, ಅವಳು ಸುಳ್ಳಿ ಎನಿಸಿಕೊಳ್ಳುತ್ತಿದ್ದಳು. ಆ ಸುಳ್ಳುಗಳನ್ನೆಲ್ಲ ಅವಳು ಹೇಳಿದ್ದು ಗಂಡನ ಮಾನ ಕಾಯಲು ಎಂಬುದು ಅವನಿಗೆ ಆಗ, ಗಂಜಿಯ ಮುಂದೆ ಕೂತಾಗ, ಮೊದಲ ಸಲ ತಟ್ಟಿತು.

“...ಈಗ ಇಲ್ಲ. ಎಲ್ಲಾ ಗುಣ ಆಗೈತೆ. ಪೂರ್ತಿ.”

ಈಗ ಎಂಬ ಎರಡು ಅಕ್ಷರ ಸೇರಿಸಿದ್ದಷ್ಟೇ ಅವನ ಅಪರಾಧ. ಗಂಗಾಮಣಿ ಸೌಟು ಕೆಳಗಿಟ್ಟು, ಎರಡೂ ಕೈ ಎತ್ತಿ ಮುಗಿದರು. ತಮ್ಮ ದೇವರು ಕಣ್ಣು ಬಿಟ್ಟ ಎಂದರು. ಬೋರಯ್ಯನವರು ಎಡಗೈಯಲ್ಲೇ ಅಳಿಯನ ಬೆನ್ನು ಸವರಿದರು. ಗಂಜಿಯ ಎಲೆ ಮಾಯವಾಯಿತು, ಹೊಸ ಎಲೆ ಬಂತು. ಮುದ್ದೆ ಬಂತು. ಸಾರು ಬಂತು. ಅತ್ತೆ ತಮ್ಮ ಕೈಯಾರೆ ನಾಲ್ಕು ಕೈಮ ಉಂಡೆ ಹಾಕಿದರು. ಪ್ರವೀಣ ಒಂದು ಉಂಡೆಯನ್ನು ಬಾಯಿಯ ಹತ್ತಿರದವರೆಗೆ ತಂದ.

“ಅಯ್ಯೋ ತಡೀರಿ ತಡೀರಿ,” ಎಂದು ಗಂಗಾಮಣಿ ಅವನ ಕೈ ಹಿಡಿದುಕೊಂಡರು. “ಸಂತೋಷದಾಗೆ ನಂಗೇ ಮರ್ತೋಗಿತ್ತು. ಹೊಟ್ಟೆ ವಾಸಿ ಆದ್ರೆ ನಮ್ಮ ಅಳಿಯಂದ್ರು ಒಂದು ವರ್ಷ ಬಾಡು ಮುಟ್ಟಲ್ಲ ಅಂತ ಅಮ್ಮನಿಗೆ ಹರಕೆ ಹೊತ್ತಿವ್ನಿ. ವಾಸಿ ಆದ ದಿನದಿಂದ್ಲೇ ಲೆಕ್ಕ.”

ಕೈಮ ಉಂಡೆ ಎಲೆಗೆ ಮರಳಿತು. ಅಲ್ಲಿಂದ ಮಾವನ ಎಲೆಗೆ ಹೋಯಿತು.

ಅತ್ತೆಯ ಭಕ್ತಿ ಹೊಟ್ಟೆಗಷ್ಟೇ ಸೀಮಿತವಾಗಿರಲಿಲ್ಲ. ಮಗಳು ಒಂದೊಂದು ಕಾಯಿಲೆ ತಂದಾಗಲೂ ಅವರು ಒಂದೊಂದು ದೇವರ ಹತ್ತಿರ ಓಡಿದ್ದರು. ಕಾಮಾಲೆ ಹೋದರೆ ಮನೆದೇವರಿಗೆ ಅಳಿಯನ ಮುಡಿ. ಸೊಂಟ ಸರಿಹೋದರೆ ಊರಮ್ಮನ ಗುಡಿಯ ಸುತ್ತ ಅಳಿಯನ ಉರುಳುಸೇವೆ. ಸೊಂಟ ಸರಿಹೋಗಿದೆಯೋ ಇಲ್ಲವೋ ಎಂಬುದೂ ಆಗಲೇ ತಿಳಿದುಬಿಡುತ್ತದೆ ಎಂದು ದ್ಯಾವಯ್ಯ ಸಮರ್ಥಿಸಿದರು. ಯುಗಾದಿ ಕಳೆದ ಮೊದಲ ಸೋಮವಾರ ಎರಡನ್ನೂ ಒಟ್ಟಿಗೆ ತೀರಿಸುವುದೆಂದು ಪಂಕ್ತಿಯಲ್ಲೇ ನಿಶ್ಚಯವಾಯಿತು. ಇದಕ್ಕೆಲ್ಲ ಅಳಿಯಂದಿರ ಒಪ್ಪಿಗೆಯೇ ಎಂದು ಮಾವ ಕೇಳಿದರು. ಹಿರಿಯರು ನಿಜವಾಗಿಯೂ ಒಪ್ಪಿಗೆಯೇ ಎಂದು ಇನ್ನೊಮ್ಮೆ ಕೇಳುವುದಿಲ್ಲ. ಮೊದಲ ಹೂಂ ಸಾಕು. ಪ್ರವೀಣ ಹೂಂ ಎಂದ.

ಎದುರು ಸಾಲಿನಲ್ಲಿ ಪೂಜಿತಾಳ ಅತ್ತೆ ಇದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ಅಳಿಯನಿಗಾಗಿ ಇಷ್ಟು ದೇವರ ಕಾಲು ಹಿಡಿದ ಮನೆ, ಅತ್ತೆಯ ಮಾತಿಗೆ ಬಾಯಿಗೆ ಬಂದದ್ದನ್ನೂ ಕೆಳಗಿಟ್ಟ ಅಳಿಯ. ಇಲ್ಲಿ ಮುನಿಸು ಇದೆ ಎಂದವರ ಬಾಯಿಗೆ ಹುಳ ಬೀಳಲಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. (ಹಾಗೆಂದವರು ಅವರೇ ಎಂಬುದನ್ನು ಯಾರೂ ನೆನಪಿಸಲಿಲ್ಲ.) ಪೂಜಿತಾಳ ಮುಖ ಅರಳಿತು. ಪ್ರವೀಣ ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗಿದ. ಹಸಿವಿಗೆ ಅದೂ ರುಚಿಯಾಗಿಯೇ ಇತ್ತು.

ಹಿಂದಿರುಗುವಾಗ ಸೌಜನ್ಯ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಹಿಂದೆ ಕೂತಳು. ಹೆದ್ದಾರಿಗೆ ಬಂದ ಮೇಲೆ ಅವನ ಬೆನ್ನಿಗೆ ಒರಗಿ, “ಬಾಯಿಗೆ ಬಂದಿದ್ದ ಮಾತನ್ನ ನುಂಗಿದ್ರಲ್ಲ ರೀ, ಅಷ್ಟು ಸಾಕು ನಂಗೆ,” ಎಂದಳು. ಪ್ರವೀಣನಿಗೆ ತಲೆಗೂದಲು, ಸೊಂಟ, ಒಂದು ವರ್ಷದ ಬಾಡು ಎಲ್ಲ ಸೇರಿದರೂ ಆ ಮಾತಿಗೆ ಸಮ ಅಲ್ಲ ಎನ್ನಿಸಿತು. ತಂಗಾಳಿ ಬೀಸುತ್ತಿತ್ತು. ಆರು ಕಂಪ್ಯೂಟರ್ ಸಿದ್ಧವಾಗಿದ್ದವು, ಹೆಂಡತಿ ಹಿಂದಿನ ಸೀಟಿನಲ್ಲಿದ್ದಳು. ಬಹಳ ದಿನಗಳ ಮೇಲೆ ಅವನು ಸ್ಕೂಟರ್ ಓಡಿಸುತ್ತ ಶಿಳ್ಳೆ ಹಾಕಿದ.

ಟೈರ್ ಅಂಗಡಿಯ ಮಹಡಿ ಹತ್ತಿದಾಗ ಆರೂ ಪರದೆಗಳು ಬೆಳಗುತ್ತಿದ್ದವು. ಅವುಗಳ ಮಧ್ಯೆ ಇಸ್ಹಾಕ್ ಭಾಯಿ ಮದುಮಗನ ಕಡೆಯವನ ಹಾಗೆ ಹೆಮ್ಮೆಯಿಂದ ಕೂತಿದ್ದ. ಮುಂದೆ ಟಿಫಿನ್ ಕ್ಯಾರಿಯರ್ ಇತ್ತು. ಆರು ಮಿಷನ್ನು ಒಂದೇ ದಿನಕ್ಕೆ ಮುಗಿದ ಖುಷಿಗೆ ಮನೆಯಲ್ಲಿ ಹೆಂಡತಿ ನಸೀರಾಗೆ ಹೇಳಿ ಮಟನ್ ಬಿರಿಯಾನಿ ಮಾಡಿಸಿದ್ದನಂತೆ. ಮುಚ್ಚಳ ತೆಗೆದ. ಆ ಪರಿಮಳಕ್ಕೆ ಪ್ರವೀಣನ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಹೋಯಿತು.

ಸೌಜನ್ಯ ನಡುವೆ ಬಂದು ನಿಂತಳು. ಹರಕೆಯ ಕಥೆಯನ್ನೆಲ್ಲ ಮೊದಲಿಂದ ಹೇಳುತ್ತ ಕೂರಲು ಅವಳಿಗೆ ತ್ರಾಣವಿರಲಿಲ್ಲ. ಅಭ್ಯಾಸಬಲ ಎಂಬುದೂ ಒಂದಿದೆಯಲ್ಲ.

“ಬೇಡಿ ಭಾಯ್. ಇವರಿಗೆ ಹೊಟ್ಟೆಹುಣ್ಣು.”

ಇಸ್ಹಾಕ್ ಭಾಯಿಯ ಮುಖ ಬಾಡಿತು. ಮುಚ್ಚಳ ಹಾಕಿ, ಹತ್ತಿರ ಬಂದು ಪ್ರವೀಣನ ಕೈ ಹಿಡಿದುಕೊಂಡ.

“ಮೊದ್ಲೇ ಹೇಳ್ಬಾರ್ದೇನೋ ಮಾರಾಯ? ಹೆದರ್ಬೇಡ. ಶುಕ್ರವಾರ ದರ್ಗಾದಾಗೆ ಹರಕೆ ಹೇಳ್ಕಂತೀನಿ. ನಿಂಗೆ ಗುಣ ಆಗ್ಲಿ, ಆಮೇಲೆ ಇಲ್ಲಿಂದ ಅಲ್ಲಿಗಂಟ ನಿನ್ನ ಬರಿಗಾಲಲ್ಲಿ ನಡಸ್ಕಂಡು ಹೋಗ್ತೀನಿ. ಆಗ್ಬೋದಾ?”

ಪ್ರವೀಣ ಈ ಸಲ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಒಂದು ಗಳಿಗೆ ಕಾದು, ಸರಿಯಾದ ಉತ್ತರವನ್ನೇ ಹೇಳಿದ.

“ಅದು ಗುಣ ಆಗೋ ಅಂಥ ಕಾಯಿಲೆ ಅಲ್ಲ ಭಾಯ್.”

ಇಸ್ಹಾಕ್ ಭಾಯಿ ಅವನ ತಲೆ ನೇವರಿಸಿ, ಕಣ್ಣೊರೆಸಿಕೊಂಡು, ಬಿರಿಯಾನಿಯ ಕ್ಯಾರಿಯರ್ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.